ಬಾಯಿವರೆಗೆ ತುಂಬಿದ ಚೀಲ

ಚೀಲ ಸುರಿದರೆ ಅದಿರಲ್ಲ, ಬರೀ ಕಲ್ಲು.

ಗಣಿ ಮುಚ್ಚಿ ಹತ್ತು ವರ್ಷ. ಊರಿನ ಒಲೆ ಉರಿಯುತ್ತಿದ್ದುದು ಗಣಿಯ ಕಸದ ಗುಡ್ಡದಿಂದಲೇ. ಅಲ್ಲಿ ಅದಿರಿನ ಚೂರು ಆರಿಸಬೇಕು, ಗೋದಾಮಿಗೆ ಮಾರಬೇಕು. ಈ ಚೀಲವನ್ನು ಒಬ್ಬ ವಿಧವೆ ಮತ್ತವಳ ಮಗಳು ನಿನ್ನೆ ತೂಗಿಸಿ ಇಟ್ಟುಹೋಗಿದ್ದರು.

"ನಿನ್ನೆ ಮೂವತ್ತು ಕೆಜಿ, ಇವತ್ತೂ ಮೂವತ್ತೇ. ಯಾರೂ ಮುಟ್ಟಿಲ್ಲ ಅಂತಾಯ್ತಲ್ಲ?" ಎಂದ ತೂಕದವನು. "ಕಲ್ಲು ತುಂಬ್ಕೊಂಡು ಬಂದಿದಾಳೆ, ಕಳ್ಳಿ!"

ಕಳ್ಳಿಯನ್ನು ಯಾರೂ ಗುಡ್ಡ ಹತ್ತಲು ಬಿಡುವುದಿಲ್ಲ. ಆಮೇಲೆ ತಾಯಿ ಮಗಳ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ.

* * *

ದೂರು ಕೇಳಿ ಬಂದ ಇನ್ಸ್‌ಪೆಕ್ಟರಮ್ಮ ಮೊದಲು ಹಿಡಿದದ್ದು ಮುದುಕ ಕಾವಲುಗಾರನನ್ನು. ಗೋದಾಮಿನ ಬೀಗದ ಕೈ ಅವನದು.

"ಚೀಲ ಬದಲಾಯಿಸಿದ್ದು ನೀನೇನಾ?"

"ಅಯ್ಯೋ ತಾಯಿ, ಚಪ್ಪಲಿ ಎತ್ಕೊಳ್ಳೋಕೂ ನನ್ನ ಸೊಂಟ ಬಗ್ಗಲ್ಲ!"

"ಬೀಗದ ಕೈ?"

"ಕೇಳಿದೋರಿಗೆಲ್ಲಾ ಕೊಡ್ತೀನಿ."

ಅಲ್ಲಿಗೆ ಆ ದಾರಿ ಮುಚ್ಚಿತು. ಆಗ ವಿಧವೆಯ ಮಗಳು ಮುಂದೆ ಬಂದಳು. ಅಂಗೈ ತುಂಬ ಗಾಯ, ದನಿಯಲ್ಲಿ ಅಳುಕಿಲ್ಲ.

"ಮೇಡಂ, ಆ ಕಲ್ಲನ್ನ ಮತ್ತೆ ತುಂಬಿಸಿ ನೋಡಿ."

ಪೇದೆ ತುಂಬಿದ. ಚೀಲ ಬಾಯಿವರೆಗೆ ಬಂತು.

"ನಾವು ಅರ್ಧ ಮಾತ್ರ ತುಂಬ್ತೀವಿ. ಆಗ ತಲೆ ಮೇಲೆ ಮೆತ್ತಗೆ ಕೂರುತ್ತೆ. ಹೀಗೆ ತುಂಬಿದ್ರೆ ಇಳಿಜಾರಲ್ಲಿ ಉರುಳಿ ಬೀಳುತ್ತೆ. ಹೊರೆ ಹೊತ್ತು ಗೊತ್ತಿರೋರು ಯಾರೂ ಹೀಗೆ ತುಂಬಲ್ಲ."

ಇನ್ಸ್‌ಪೆಕ್ಟರಮ್ಮ ನಿಧಾನವಾಗಿ ತೂಕದವನ ಕಡೆ ತಿರುಗಿದಳು.

"ಅದಿರು ಭಾರ, ಕಲ್ಲು ಹಗುರ. ಅರ್ಧ ಚೀಲ ಅದಿರಿಗೆ ಸಮ ಮಾಡೋಕೆ ಚೀಲದ ತುಂಬಾ ಕಲ್ಲು ಬೇಕು. ಸರಿಯಾಗಿ ಮೂವತ್ತೇ ಆಗ್ಬೇಕಂದ್ರೆ ತಕ್ಕಡಿ ಬೇಕು. ತಕ್ಕಡಿ ಕೋಣೆ ಬೀಗದ ಕೈ ಯಾರ ಹತ್ರ ಇದೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ತೂಕದವನ ಕಣ್ಣು ಆ ಕೋಣೆಯ ಕಡೆಗೇ ಹೋಯಿತು. ಅಲ್ಲಿನ ಬೆಂಚಿನ ಕೆಳಗೆ, ಗೋಣಿತಟ್ಟಿನಡಿ ಅದಿರು ಸಿಕ್ಕಿತು.

"ಜೀವಮಾನವೆಲ್ಲಾ ತೂಗಿದೆ, ಒಂದಿನನೂ ಹೊರಲಿಲ್ಲ. ಅದಕ್ಕೇ ಸಿಕ್ಕಿಬಿದ್ದೆ," ಎಂದ ತೂಕದವನು.

* * *

ಹುಡುಗಿಯ ಹೇಳಿಕೆ ಬರೆಯಬೇಕಿತ್ತು.

"ವಯಸ್ಸೆಷ್ಟಮ್ಮಾ?"

"ಹದಿನಾಲ್ಕು ತುಂಬಿದೆ," ಎಂದಳು ತಾಯಿ, ಗಡಿಬಿಡಿಯಲ್ಲಿ.

"ಹನ್ನೊಂದು, ಮೇಡಂ."

ಇನ್ಸ್‌ಪೆಕ್ಟರಮ್ಮನಿಗೆ ಹೆಮ್ಮೆಯೂ ಆಯಿತು, ಸಂಕಟವೂ ಆಯಿತು. ಈ ಬುದ್ಧಿ ಶಾಲೆಯಲ್ಲಿ ಬೆಳೆಯಬೇಕಿತ್ತು.

"ನಿಜ ಬರೆದ್ರೆ ನಾಳೆಯಿಂದ ನಿನ್ನನ್ನ ಗುಡ್ಡಕ್ಕೆ ಬಿಡಲ್ಲ, ಗೊತ್ತಾ?"

"ಗೊತ್ತು. ಅಮ್ಮನ್ನ ಬಿಡ್ತಾರಲ್ಲ, ಸಾಕು. ವಯಸ್ಸು ಆಮೇಲೆ ಬರ್ಕೊಳ್ಳಿ. ಮೊದಲು ನಮ್ಮಮ್ಮ ಕಳ್ಳಿ ಅಲ್ಲ ಅಂತ ಬರೀರಿ."