ಉಪ್ಪುಗಾಳಿ ಗುಂಪಿನೊಳಗೆ ಹೊಕ್ಕ ಅನುಮಾನ

ಮೂರನೆಯ ಮಹಡಿಯ ಗ್ರಂಥಪಾಲಕ ಆ ಮಂಗಳವಾರ ಬೆಳಿಗ್ಗೆ ನಮ್ಮ ಬಾಗಿಲು ತಟ್ಟಿದಾಗ, ಕಾಲಿಗೆ ಬೇರೆ ಬೇರೆ ಜೊತೆಯ ಎರಡು ಚಪ್ಪಲಿ ಹಾಕಿಕೊಂಡಿದ್ದ. ಬಲಗೈ ತೋರುಬೆರಳಿಗೆ ಬಿಳಿ ಪಟ್ಟಿ ಸುತ್ತಿತ್ತು. ಅಷ್ಟು ಅಚ್ಚುಕಟ್ಟಿನ ಹುಡುಗ ಹೀಗೆ ಬಂದು ನಿಂತದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಅತ್ತಿಗೆ ಇದ್ದಾರಾ ಅಮ್ಮಾ?"

ಅತ್ತಿಗೆ ಎಂದರೆ ನನ್ನ ಯಜಮಾನರ ಅಕ್ಕ. ಯಜಮಾನರು ಹೋದ ಮೇಲೆ ನಾವಿಬ್ಬರೇ ಈ ಕಟ್ಟಡದ ನೆಲಮಹಡಿಯಲ್ಲಿದ್ದೇವೆ. ಮೂವತ್ತೊಂದು ವರ್ಷ ಅತ್ತಿಗೆ ವಿಮಾ ಕಚೇರಿಯಲ್ಲಿ, ಸುಟ್ಟ ಗೋದಾಮು ತಾನಾಗಿ ಸುಟ್ಟಿತೋ ಯಾರಾದರೂ ಸುಟ್ಟರೋ ಎಂದು ಪತ್ತೆ ಮಾಡುವ ಕೆಲಸದಲ್ಲಿದ್ದವರು. ನಿವೃತ್ತಿಯಾದ ಮೇಲೂ ಆ ಚಾಳಿ ಹೋಗಿಲ್ಲ. ಕಟ್ಟಡದಲ್ಲಿ ಏನು ಕಳೆದರೂ, ಯಾರು ಕಾಣೆಯಾದರೂ ಜನ ಮೊದಲು ಬರುವುದು ಇಲ್ಲಿಗೇ.

ಅವನು ಕುರ್ಚಿಯ ಅಂಚಿನಲ್ಲಿ ಕುಳಿತು ಒಂದು ಕಾಗದ ಮುಂದೆ ಚಾಚಿದ. "ನಿನ್ನೆ ಲೈಬ್ರರೀಲಿ, ವಾಪಸ್ ಬಂದ ಪುಸ್ತಕಗಳ ಡಬ್ಬೀಲಿ ಸಿಕ್ತು. ಲಕೋಟೆ ಮೇಲೆ ನನ್ನ ಹೆಸರಿತ್ತು."

ಟೈಪು ಮಾಡಿದ ನಾಲ್ಕೇ ಸಾಲು: "ಹಸಿರು ದೋಣಿಗೆ ಒರಗಿ, ಮುಂಜಾನೆಯ ಬಿಸಿಲಲ್ಲಿ, ನೀವಿಬ್ಬರೂ ಕೈಗೆ ಕೈ ಸೇರಿಸಿ ಕುಳಿತದ್ದು ನಿಮ್ಮ ತಾಯಿಗೆ ಗೊತ್ತಿದೆಯೇ? ಉಪಮುಖ್ಯಸ್ಥರ ಹುದ್ದೆಗೆ ಹಾಕಿದ ಅರ್ಜಿಯನ್ನು ಶುಕ್ರವಾರ ಸಂಜೆಯೊಳಗೆ ಹಿಂತೆಗೆದುಕೊಳ್ಳಿ. ಇಲ್ಲವಾದರೆ ನಾನೇ ಅವರಿಗೆ ತಿಳಿಸುತ್ತೇನೆ."

"ಇಬ್ಬರೂ ಅಂದ್ರೆ ನೀನು, ಹಲ್ಲಪ್ಪ," ಎಂದರು ಅತ್ತಿಗೆ.

ಹಲ್ಲಪ್ಪ ಎಂಬುದು ಅತ್ತಿಗೆ ಇಟ್ಟ ಹೆಸರು. ಗ್ರಂಥಪಾಲಕನ ಜೊತೆ ವಾಸವಿರುವವನು ದಂತ ಪ್ರಯೋಗಾಲಯದಲ್ಲಿ ಕೃತಕ ಹಲ್ಲು ಮಾಡುತ್ತಾನೆ. ಅತ್ತಿಗೆಯ ಬಾಯಲ್ಲಿರುವ ಹಲ್ಲಿನ ಕಟ್ಟೂ ಅವನ ಕೈಯದೇ. ಹೊರಗಿನವರಿಗೆಲ್ಲ ಅವನು ಇವನ ದೊಡ್ಡಮ್ಮನ ಮಗ. ನಮಗೆ ಮೊದಲ ವರ್ಷವೇ ಅರ್ಥವಾಗಿತ್ತು. ಒಬ್ಬ ಬರುವುದು ತಡವಾದರೆ ಇನ್ನೊಬ್ಬ ಮೆಟ್ಟಿಲ ಮೇಲೆ ಕುಳಿತು ಕಾಯುವ ರೀತಿ ದೊಡ್ಡಮ್ಮನ ಮಕ್ಕಳದ್ದಲ್ಲ. ನಾವು ಕೇಳಲಿಲ್ಲ, ಅವರು ಹೇಳಲಿಲ್ಲ.

"ನಿಮಗೆ ಗೊತ್ತಾ?" ಎಂದ ಅವನು.

"ನನಗೆ ಹಲ್ಲಿಲ್ಲ, ಕಣ್ಣಿದೆ. ಮುಂದೆ ಹೇಳು. ನಿಮ್ಮಮ್ಮ?"

"ಅಕ್ಕನ ಮನೇಲಿದ್ದಾಳೆ, ಬೇರೆ ಊರಲ್ಲಿ. ದಿನಾ ಸಂಜೆ ಏಳಕ್ಕೆ ಫೋನ್ ಮಾಡ್ತಾಳೆ. ಇದು ಬೇರೆ ಯಾರ ಬಾಯಿಂದಲೋ ಅವಳ ಕಿವಿಗೆ ಬಿದ್ರೆ, ಹನ್ನೊಂದು ವರ್ಷ ನಾನು ಹೇಳಿದ್ದೆಲ್ಲಾ ಸುಳ್ಳು ಅಂದ್ಕೋತಾಳೆ. ಅದಕ್ಕಿಂತ ಅರ್ಜಿ ವಾಪಸ್ ತಗೊಂಡು, ಕೆಲಸಾನೂ ಬಿಟ್ಟು, ಈ ಊರಿಂದಾನೇ ಹೋಗಿಬಿಡೋಣ ಅನ್ನಿಸ್ತಿದೆ."

"ಯಾರ ಮೇಲೆ ಅನುಮಾನ?"

ಅವನು ಫೋನು ತೆಗೆದು ತೋರಿಸಿದ. ಅಂತರ್ಜಾಲದಲ್ಲಿ 'ಉಪ್ಪುಗಾಳಿ' ಎಂಬ ಮುಚ್ಚಿದ ಗುಂಪು. ಇವನೂ ಸೇರಿ ಏಳು ಜನ ಗಂಡಸರು, ಏಳು ಬೇರೆ ಬೇರೆ ಊರಿನವರು. ಎಲ್ಲರೂ ಗೇ, ಎಲ್ಲರಿಗೂ ಪ್ರವಾಸದ ಹುಚ್ಚು. ಭಾನುವಾರಕ್ಕೊಬ್ಬರಂತೆ ತಾವು ಕಂಡ ಯಾವುದೋ ಬಿಸಿಲುನಾಡಿನ ಕಡಲತೀರದ ನೆನಪನ್ನು ಬರೆಯುತ್ತಾರೆ. ಮುಖವಿರುವ ಚಿತ್ರ ಹಾಕುವ ಹಾಗಿಲ್ಲ. ವಾರದ ಉಳಿದ ದಿನಗಳಲ್ಲಿ ದಿನನಿತ್ಯದ ಮಾತು. ಒಬ್ಬನ ಕಳ್ಳಿಗಿಡ ಹೂ ಬಿಟ್ಟಿದೆ, ಇನ್ನೊಬ್ಬನ ಸೈಕಲ್ ಚೈನು ಕಳಚುತ್ತಿದೆ, ಮತ್ತೊಬ್ಬನಿಗೆ ಕಾಲುಚೀಲದ ಹಿಮ್ಮಡಿ ಹೆಣೆಯಲು ಬರುತ್ತಿಲ್ಲ.

"ಹಿಮ್ಮಡಿ ಹತ್ರ ಕಡ್ಡಿ ಮೇಲಿನ ಮನೆ ಕಮ್ಮಿ ಮಾಡ್ತಾ ಬರಬೇಕು, ಪಾಪ, ಅವನಿಗೆ ಯಾರೂ ಹೇಳೇ ಇಲ್ಲ," ಎಂದೆ ನಾನು.

"ನಿನ್ನ ಹೆಣಿಗೆ ಆಮೇಲೆ," ಎಂದರು ಅತ್ತಿಗೆ. "ನೀನು ಬರೆದದ್ದು ಓದು."

ಅವನು ಹದಿನೈದು ದಿನದ ಹಿಂದಿನ ಬರಹವನ್ನು ಮೆಲ್ಲಗೆ ಓದಿದ. "ದ್ವೀಪದ ಕೊನೆಯ ಸಂಜೆ. ತೆಂಗಿನ ನೆರಳು ನೀರಿನ ತನಕ ಚಾಚಿತ್ತು. ಮರಳಿಗೆ ಎಳೆದಿಟ್ಟ ಹಳದಿ ದೋಣಿಗೆ ಒರಗಿ ಕುಳಿತೆವು. ನನ್ನವನು ಏಡಿ ಹಿಡಿಯಲು ಹೋಗಿ ಕಚ್ಚಿಸಿಕೊಂಡ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಬಯಲಿನಲ್ಲಿ ಅವನ ಕೈ ಹಿಡಿದೆ. ಯಾರೂ ನೋಡಲಿಲ್ಲ ಎಂದಲ್ಲ. ನೋಡಿದವರು ತಮ್ಮ ಪಾಡಿಗೆ ನಡೆದುಹೋದರು."

ನಾನು ಕಣ್ಣೊರೆಸಿಕೊಂಡೆ. ಅತ್ತಿಗೆ ಎರಡನ್ನೂ, ಕಾಗದವನ್ನೂ ಫೋನನ್ನೂ, ಪಕ್ಕ ಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಈ ದ್ವೀಪದ ವಿಷಯ ಗುಂಪು ಬಿಟ್ಟು ಬೇರೆ ಯಾರಿಗೂ ಹೇಳಿಲ್ಲ," ಎಂದ ಅವನು. "ಉಳಿದ ಆರು ಜನರಲ್ಲೇ ಯಾರೋ ಒಬ್ಬರು. ಗುಂಪು ನಡೆಸೋ ಬೇಕರಿಯವನಿಗೆ ಕಾಗದದ ವಿಷಯ ತಿಳಿಸಿದೆ. ಶುಕ್ರವಾರ ಗುಂಪನ್ನೇ ಮುಚ್ಚಿಬಿಡ್ತೀನಿ ಅಂತಿದ್ದಾನೆ."

"ಹುದ್ದೆ ವಿಷಯ ಗುಂಪಲ್ಲಿ ಹೇಳಿದ್ಯಾ?"

"ಇಲ್ಲ. ಆಗೋ ತನಕ ಬಾಯಿ ಬಿಡೋದು ಬೇಡ ಅಂತ."

"ಬೆರಳಿಗೇನಾಯ್ತು?" ಎಂದೆ ನಾನು, ತಡೆಯಲಾರದೆ.

"ಹೋದ ವಾರ ಆಫೀಸಿನ ಮೇಜಿನ ಮೇಲಿಂದ ಅಪ್ಪನ ಫೋಟೋ ಬಿತ್ತು. ಗಾಜು ತಗುಲಿ ಮೂರು ಹೊಲಿಗೆ. ಪುಸ್ತಕದ ಕಾರ್ಡು ಬರೆಯೋ ನಮ್ಮ ಕಾರ್ಡು ಮೇಡಂ ತಮ್ಮ ಕರವಸ್ತ್ರ ಹರಿದು ಕಟ್ಟಿ ಆಸ್ಪತ್ರೆಗೆ ಕಳಿಸಿದ್ರು. ನಾನು ಬರೋದ್ರೊಳಗೆ ಚೂರೆಲ್ಲ ಗುಡಿಸಿ, ಫೋಟೋನೂ ಗಾಜು ಹಾಕಿಸೋಕೆ ತಗೊಂಡು ಹೋಗಿದ್ರು."

ಎಂಥ ಒಳ್ಳೆಯ ಹೆಂಗಸು ಎಂದುಕೊಂಡೆ.

ಅಂದು ಮಧ್ಯಾಹ್ನ ಅತ್ತಿಗೆ ನನ್ನನ್ನು ಲೈಬ್ರರಿಗೆ ಎಳೆದುಕೊಂಡು ಹೋದರು. ಮೊದಲು ಎದುರಾದವನು ಪತ್ರಿಕಾ ವಿಭಾಗದವನು. ಅದೇ ಹುದ್ದೆಗೆ ಅವನೂ ಅರ್ಜಿ ಹಾಕಿದ್ದ. ದೊಡ್ಡ ದನಿ, ದೊಡ್ಡ ನಗು.

"ಅವನೇ ಆಗ್ಲಿ ಬಿಡಿ. ಅವನು ಮೇಲೆ ಕೂತ್ರೆ ನಾನು ಕೆಳಗೆ ಆರಾಮಾಗಿ ಪೇಪರ್ ಓದ್ಕೊಂಡಿರ್ತೀನಿ. ನಮ್ಮನೆಯವಳ ಕಾಟಕ್ಕೆ ಅರ್ಜಿ ಹಾಕಿದ್ದು, ಅತ್ತೆ," ಎಂದು ಅತ್ತಿಗೆಗೆ ಕಣ್ಣು ಮಿಟುಕಿಸಿದ. ಅವನ ನಗು ನನಗೇಕೋ ಹಿಡಿಸಲಿಲ್ಲ.

ಒಳಗಿನ ಕೋಣೆಯಲ್ಲಿ ಕಾರ್ಡು ಮೇಡಂ ಇದ್ದರು. ಗೋಡೆಯುದ್ದಕ್ಕೂ ಪುಟ್ಟ ಪುಟ್ಟ ಡ್ರಾಯರುಗಳ ಮರದ ಕಪಾಟು. ಇಪ್ಪತ್ತಾರು ವರ್ಷ ಒಂದೊಂದು ಪುಸ್ತಕಕ್ಕೂ ಒಂದೊಂದು ಕಾರ್ಡನ್ನು ಅವರೇ ಬರೆದಿದ್ದರು. ನಾವು ಹೋದಾಗ ಹಳೆಯ ಪುಸ್ತಕವೊಂದರ ಬೆನ್ನಿಗೆ ಕಂದು ಬಟ್ಟೆಪಟ್ಟಿ ಅಂಟಿಸುತ್ತಿದ್ದರು. ಕೆಲಸ ಬಿಟ್ಟು ಎದ್ದು ನನಗೆ ಕುರ್ಚಿ ಹಾಕಿದರು, ನೀರು ತಂದರು, ಹೆಣಿಗೆಯ ಪುಸ್ತಕ ಕೇಳಿದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಾರ್ಡು ಹುಡುಕಿ ಕೊಟ್ಟರು.

"ಕಂಪ್ಯೂಟರ್ ಬಂದ್ರೆ ಇದೆಲ್ಲ ಸುಲಭ ಆಗುತ್ತಲ್ವಾ?" ಎಂದರು ಅತ್ತಿಗೆ.

"ಆಗುತ್ತೆ," ಎಂದರು ಮೇಡಂ, ತೆರೆದ ಡ್ರಾಯರನ್ನು ಅಂಗೈಯಿಂದ ಮೆಲ್ಲಗೆ ಒಳಕ್ಕೆ ದೂಡುತ್ತಾ. "ನಮ್ಮ ಗ್ರಂಥಪಾಲಕರ ಯೋಜನೆಯೂ ಅದೇ. ಅವರ ಅರ್ಜಿ ಟೈಪು ಮಾಡಿಕೊಟ್ಟಿದ್ದೇ ನಾನು."

ಬುಧವಾರ ಬೇಕರಿಯವನು ಫೋನಿನ ಪರದೆಯಲ್ಲಿ ಕಾಣಿಸಿಕೊಂಡ. ದಪ್ಪ ಮೀಸೆಯ ತುಂಬ ಹಿಟ್ಟು. ಸೋತವನಂತೆ ಮಾತಾಡಿದ.

"ಎರಡು ವರ್ಷದ ಹಿಂದೆ ನಮ್ಮಲ್ಲೊಬ್ಬನ ಬರಹ ನೋಡಿ, ಹೋಟೆಲು, ತಾರೀಖು ಎಲ್ಲಾ ಹೊಂದಿಸಿ ಅವನ ಮನೆಯವರು ಕಂಡುಹಿಡಿದ್ರು. ಆಮೇಲೆ ನಿಯಮ ಮಾಡಿದ್ವಿ. ಪ್ರತಿ ನೆನಪಲ್ಲೂ ಒಂದು ವಿಷಯ ಬದಲಿಸ್ಬೇಕು. ಒಂದೇ. ಜಾಸ್ತಿ ಬದಲಿಸಿದ್ರೆ ನೆನಪು ಅನ್ನೋ ಹಾಗಿಲ್ಲ, ಕತೆ ಆಗುತ್ತೆ. ಯಾವುದು ಬದಲಿಸಿದ್ದು ಅಂತ ಕೇಳೋ ಹಾಗಿಲ್ಲ. ಅಷ್ಟು ಜೋಪಾನ ಮಾಡಿದ್ರೂ ಹೀಗಾಯ್ತು. ನಮ್ಮಲ್ಲಿಬ್ಬರಿಗೆ ಈ ಗುಂಪು ಬಿಟ್ರೆ ಮಾತಾಡೋಕೆ ಒಂದು ನರಪಿಳ್ಳೆ ಇಲ್ಲ, ಅಮ್ಮಾ."

"ಶುಕ್ರವಾರದ ತನಕ ಏನೂ ಮುಚ್ಚಬೇಡ, ನಿನ್ನ ಒಲೆ ಬಾಗಿಲು ಬಿಟ್ಟು," ಎಂದರು ಅತ್ತಿಗೆ. ಆಮೇಲೆ ಮೆಟ್ಟಿಲ ಬಳಿ ಹಲ್ಲಪ್ಪನನ್ನು ತಡೆದು, ಹಲ್ಲು ಒತ್ತುತ್ತಿದೆ ಎಂಬ ನೆವ ಹೇಳಿ, ಮಾತಿನ ನಡುವೆ ಕೇಳಿದರು: "ಆ ದ್ವೀಪದಲ್ಲಿ ದೋಣಿ ಯಾವ ಬಣ್ಣದ್ದಪ್ಪಾ?"

"ಹಸಿರು," ಎಂದ ಹಲ್ಲಪ್ಪ. "ಯಾಕೆ?"

ಗುಂಪಿನವರಿಗೆ ಗೊತ್ತಿದ್ದದ್ದು ಹಳದಿ ದೋಣಿ. ಕಾಗದದಲ್ಲಿದ್ದದ್ದು ಹಸಿರು ದೋಣಿ. ಹಸಿರೆಂದು ಬಲ್ಲವರು ಇಬ್ಬರೇ. ಒಬ್ಬ ಕಾಗದ ಬಂದವನು, ಇನ್ನೊಬ್ಬ ನಮ್ಮೆದುರು ನಿಂತವನು. ಈ ಹುದ್ದೆಯೇ ಬೇಡ, ನಾಲ್ಕು ಜನರ ಕಣ್ಣಿಗೆ ಬೀಳುತ್ತೇವೆ ಎಂದು ಅವನು ತಿಂಗಳಿಂದ ಜಗಳವಾಡಿದ್ದನ್ನು ಅವರು ಮೆಟ್ಟಿಲಿಳಿಯುವಾಗ ನಾವೇ ಕೇಳಿದ್ದೆವು.

"ಅವನಲ್ಲ ಅನ್ನಿ ಅತ್ತಿಗೆ," ಎಂದು ಒಳಗೆ ಬಂದು ಗೋಗರೆದೆ.

"ನಾಳೆ ಸಂಜೆ ಟೀ ಮಾಡು. ಜಾಸ್ತಿ ಜನ ಬೇಡ," ಎಂದಷ್ಟೇ ಹೇಳಿ ಅವರು ಮೇಲಿನ ಮಹಡಿಗೆ ಹೋದರು.

ಗುರುವಾರ ಸಂಜೆ ಆರಕ್ಕೆ ನಮ್ಮ ಹಜಾರದಲ್ಲಿ ಗ್ರಂಥಪಾಲಕ, ಹಲ್ಲಪ್ಪ, ಕಾರ್ಡು ಮೇಡಂ ಕುಳಿತಿದ್ದರು. ಸಕ್ಕರೆ ಡಬ್ಬಿಗೆ ಒರಗಿಸಿದ ಫೋನಿನಲ್ಲಿ ಬೇಕರಿಯವನು. ಅಪ್ಪನ ಫೋಟೋವನ್ನು ಆಫೀಸಿನಿಂದ ತರಲು ಅತ್ತಿಗೆ ಹೇಳಿದ್ದರು. ಅದು ಅವರ ಮಡಿಲಲ್ಲಿತ್ತು.

"ಪತ್ರಿಕೆ ವಿಭಾಗದವರನ್ನ ಕರೀಲಿಲ್ವಾ?" ಎಂದೆ.

"ಗೊತ್ತಿಲ್ಲದವರಿಗೆ ಗೊತ್ತು ಮಾಡಿಸೋದು ನನ್ನ ಕೆಲಸ ಅಲ್ಲ. ಇಲ್ಲಿರೋರಿಗೆಲ್ಲ ಆಗಲೇ ಗೊತ್ತು," ಎಂದರು ಅತ್ತಿಗೆ. ಟೀ ಕಪ್ಪು ಹಿಡಿದಿದ್ದ ಮೇಡಂ ಅದನ್ನು ಕೆಳಗಿಟ್ಟರು.

ಅತ್ತಿಗೆ ಗ್ರಂಥಪಾಲಕನ ಕಡೆ ತಿರುಗಿದರು. "ನಿನ್ನ ಬರಹದಲ್ಲಿ ಬದಲಿಸಿದ್ದು ಏನು?"

ಅವನು ಬೆಬ್ಬಳಿಸಿದ. "ದೋಣಿ ಬಣ್ಣ. ಅಯ್ಯೋ... ಕಾಗದದಲ್ಲಿ ಹಸಿರು ಅಂತಿತ್ತು. ನನ್ನ ತಲೇಲಿ ಅದು ಯಾವಾಗಲೂ ಹಸಿರೇ. ಹಳದಿ ಅಂತ ಬರೆದಿದ್ದೇ ಮರೆತುಹೋಗಿತ್ತು."

"ಅದಕ್ಕೇ ನಿನಗೆ ಹೊಳೀಲಿಲ್ಲ. ಗುಂಪಿನವನು ಬರೆದಿದ್ರೆ ಹಳದಿ ಅಂತ ಬರೀತಿದ್ದ. ಹುದ್ದೆ ವಿಷಯವೂ ಅವರಿಗೆ ಗೊತ್ತಿಲ್ಲ. ಬೇಕರಿ, ನಿಮ್ಮ ಆರು ಜನರ ಮೇಲೆ ಯಾವ ಕಳಂಕವೂ ಇಲ್ಲ."

ಪರದೆಯಲ್ಲಿ ಬೇಕರಿಯವನು ಮುಖ ಆಚೆ ತಿರುಗಿಸಿದ. ಗ್ರಂಥಪಾಲಕ ನಿಧಾನವಾಗಿ ಹಲ್ಲಪ್ಪನನ್ನು ನೋಡಿದ. ಆ ನೋಟ ನಾನು ಬದುಕಿರುವ ತನಕ ಮರೆಯಲಾರೆ.

"ನಾನಾ?" ಎಂದ ಹಲ್ಲಪ್ಪ.

"ಅವನನ್ನ ಹಾಗೆ ನೋಡಬೇಡ," ಎಂದು ಅತ್ತಿಗೆ ಗದರಿದರು. "ಕಾಗದದಲ್ಲಿ ಇನ್ನೊಂದು ಮಾತಿದೆ. ಮುಂಜಾನೆಯ ಬಿಸಿಲು. ನೀವು ಕೂತಿದ್ದು ಯಾವಾಗ?"

"ಸಂಜೆ," ಎಂದರು ಇಬ್ಬರೂ ಒಟ್ಟಿಗೆ.

"ಬರಹದಲ್ಲೂ ಸಂಜೆ ಅಂತಲೇ ಇದೆ. ಅಲ್ಲಿದ್ದವನಿಗೆ ಸಂಜೆ ಅಂತ ಗೊತ್ತು. ಓದಿದವನಿಗೂ ಗೊತ್ತು. ಅಂದ್ರೆ ಈ ಕಾಗದ ಬರೆದವರು ಅಲ್ಲಿರಲೂ ಇಲ್ಲ, ಓದಲೂ ಇಲ್ಲ. ಬಣ್ಣ ಸರಿಯಾಗಿ ಕಂಡು, ಹೊತ್ತು ಮಾತ್ರ ತಿಳೀದೇ ಹೋಗೋದು ಎಲ್ಲಿ? ಫೋಟೋದಲ್ಲಿ. ಫೋಟೋ ಸೂರ್ಯನಿಗೆ ಬೆಳಿಗ್ಗೆ ಸಂಜೆ ಎರಡೂ ಒಂದೇ. ನಿನ್ನೆ ಮೇಲೆ ಹೋಗಿ ಇವನನ್ನ ಕೇಳಿದೆ, ಫೋಟೋ ಏನಾದ್ರೂ ಇದೆಯಾ ಅಂತ."

"ಒಂದೇ ಒಂದಿದೆ," ಎಂದ ಗ್ರಂಥಪಾಲಕ, ನೆಲ ನೋಡುತ್ತಾ. "ಅಲ್ಲಿ ಮರಳ ಮೇಲೆ ಫೋಟೋ ತೆಗೆಯೋನು ತೆಗೆದದ್ದು, ಕ್ಯಾಮರಾದಿಂದ ಅಲ್ಲೇ ಹೊರಗೆ ಬರುತ್ತಲ್ಲ, ಅಂಥದ್ದು. ಅಪ್ಪನ ಫೋಟೋ ಹಿಂದೆ ಇಟ್ಟಿದ್ದೆ. ಗಾಜು ಹಾಕಿಸೋಕೆ ಹೋದಾಗ ಜೀವ ಹೋದಹಾಗಾಗಿತ್ತು. ಮಾರನೇ ದಿನ ವಾಪಸ್ ಬಂದಾಗ ಹಿಂದಿನ ರಟ್ಟು ಒತ್ತಿ ನೋಡಿದೆ, ಇದ್ದಲ್ಲೇ ಇತ್ತು. ಅಂಗಡಿಯವನಿಗೆ ನಾವು ಯಾರೋ ಏನೋ ಅಂತ ಸುಮ್ಮನಾದೆ."

ಅತ್ತಿಗೆ ಚೌಕಟ್ಟನ್ನು ಬೋರಲು ಹಾಕಿದರು. ಹಿಂಬದಿಯ ರಟ್ಟಿನ ಸುತ್ತ ಕಂದು ಬಟ್ಟೆಪಟ್ಟಿ, ನಾಲ್ಕೂ ಮೂಲೆ ಒಂದೇ ಅಳತೆಗೆ ಮಡಿಸಿದ್ದು. "ಗಾಜಿನ ಅಂಗಡಿಯವನು ಪುಸ್ತಕದ ಬೆನ್ನಿಗೆ ಹಾಕೋ ಪಟ್ಟಿ ಇಟ್ಕೊಂಡಿರ್ತಾನಾ, ಮೇಡಂ? ಇದನ್ನ ಬಿಚ್ಚಿ ಗಾಜು ಕೂರಿಸಿದ್ದು ನಿಮ್ಮ ಕೈ. ಮೂರು ದಿನದಿಂದ ಈ ಮನೇಲಿ ನಿಮ್ಮ ಒಳ್ಳೆತನದ ವರ್ಣನೆ ಕೇಳ್ತಾ ಇದ್ದೀನಿ. ಅದು ಸುಳ್ಳೂ ಅಲ್ಲ."

ಮೇಡಂ ಅಲ್ಲಗಳೆಯಲಿಲ್ಲ. ಸೆರಗಿನ ತುದಿಯನ್ನು ಕಾರ್ಡಿನ ಅಳತೆಗೆ ಮಡಿಸಿ ಬಿಚ್ಚುತ್ತಿದ್ದರು.

"ಗಾಜು ತಂದು ನಾನೇ ಹಾಕೋಣ, ಚೆನ್ನಾಗಿ ಕೂರುತ್ತೆ ಅಂತ ಮನೆಗೆ ಒಯ್ದೆ. ಕೆಟ್ಟ ಮನಸ್ಸಿನಿಂದ ಅಲ್ಲ," ಎಂದರು ಕೊನೆಗೆ. "ಆದರೆ ಅರ್ಜೀಲಿ ಆರನೇ ಪುಟ. ಕಾರ್ಡುಗಳನ್ನ ರದ್ದಿಗೆ ಹಾಕತಕ್ಕದ್ದು. ಅದನ್ನ ನನ್ನ ಕೈಯಲ್ಲೇ ಟೈಪು ಮಾಡಿಸಿದ್ರಿ. ಒಂದು ಮಾತು ಕೇಳಲಿಲ್ಲ."

"ನೀವು ಬೇಡ ಅಂದಿದ್ರೆ ತೆಗೀತಿದ್ದೆ," ಎಂದ ಗ್ರಂಥಪಾಲಕ.

"ಅನ್ನೋಕೆ ಬಾಯಿ ಬರಲಿಲ್ಲ. ಕಾಗದ ಬರೆಯೋಕೆ ಬಂತು." ಅವರು ಎದ್ದರು. "ನಿಮ್ಮ ತಾಯಿಗೆ ನಿಜವಾಗಿ ಹೇಳ್ತಿರಲಿಲ್ಲ. ಹಾಗಂತ ಈಗ ಅಂದ್ರೆ ನೀವು ನಂಬಬೇಕಾಗಿಲ್ಲ."

"ನಂಬಲ್ಲ," ಎಂದ ಅವನು. "ಅರ್ಜಿ ವಾಪಸ್ ತಗೊಳ್ಳಲ್ಲ. ಆರನೇ ಪುಟ ಇರುತ್ತೋ ಇಲ್ವೋ, ಸೋಮವಾರ ಕೂತು ಮಾತಾಡೋಣ. ಇವತ್ತು ನೀವು ಹೋಗಿ."

ಬೀದಿ ದೀಪ ಹತ್ತಿತ್ತು. ಗೇಟಿನ ತನಕ ನಾನು ಮೇಡಂ ಜೊತೆ ನಡೆದೆ. ಹೆಣಿಗೆ ಪುಸ್ತಕ ಹಿಂತಿರುಗಿಸಲು ನಾನೇ ಬರುತ್ತೇನೆ ಎಂದೆ. ಅವರು ತಲೆಯಾಡಿಸಿದರು.

ಒಳಗೆ ಬಂದಾಗ ಹಲ್ಲಪ್ಪ ಕಿಟಕಿಯ ಬಳಿ ಬೆನ್ನು ಹಾಕಿ ನಿಂತಿದ್ದ.

"ಒಂದು ಗಳಿಗೆ ನಿನ್ನ ಮೇಲೆ ಅನುಮಾನ ಪಟ್ಟೆ," ಎಂದ ಗ್ರಂಥಪಾಲಕ.

"ಕಂಡೆ."

"ಅಡಗಿಸಿ ಅಡಗಿಸಿ ಹೀಗಾಗಿಬಿಟ್ಟಿದ್ದೀನಿ ಕಣೋ. ಇವತ್ತು ಮೇಡಂ. ನಾಳೆ ಇನ್ಯಾರೋ."

ಆಗಲೇ ಅವನ ಫೋನು ಬಡಿಯಿತು. ಏಳು ಗಂಟೆ. ಪಟ್ಟಿ ಸುತ್ತಿದ ಬೆರಳಿನಿಂದ ಹಸಿರು ಗುಂಡಿ ಒತ್ತಲು ಎರಡು ಸಲ ಬೇಕಾಯಿತು. "ಅಮ್ಮಾ, ನೀನು ಮಾತಾಡ್ಬೇಡ, ಮೊದಲು ನಾನು ಹೇಳ್ತೀನಿ," ಎಂದ.

ಅತ್ತಿಗೆ ನನ್ನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು. ಬಾಗಿಲು ಪೂರ್ತಿ ಮುಚ್ಚಲಿಲ್ಲ. ತೊಳೆದ ಕಪ್ಪುಗಳನ್ನೇ ನಾನು ಮತ್ತೆ ತೊಳೆದೆ. ಅವನ ದನಿ ಸ್ವಲ್ಪ ಹೊತ್ತು ಕೇಳಿತು, ನಿಂತಿತು. ಮೂವತ್ತೊಂದು ವರ್ಷ ಸುಳ್ಳು ಹಿಡಿದ ಅತ್ತಿಗೆ ಕಣ್ಣು ಮುಚ್ಚಿ ಗೋಡೆಗೆ ಒರಗಿ ನಿಂತಿದ್ದರು.

ಆಮೇಲೆ ಗ್ರಂಥಪಾಲಕ ಒಂದೇ ಮಾತು ಹೇಳಿದ್ದು ಕೇಳಿತು: "ಫೋನು ನಿನ್ನ ಕೈಗೆ ಕೊಡಬೇಕಂತೆ."

ನಾನು ಬಾಗಿಲ ಸಂದಿಯಿಂದ ನೋಡಿದೆ. ಹಲ್ಲಪ್ಪ ಅಂಗಿಯ ಕಾಲರು ನೆಟ್ಟಗೆ ಮಾಡಿಕೊಂಡ. ಎರಡೂ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡು, ಹಿರಿಯರ ಎದುರು ನಿಂತವನ ಹಾಗೆ ಫೋನನ್ನು ಎರಡು ಕೈಯಲ್ಲಿ ತೆಗೆದುಕೊಂಡ.