ಒಂದೇ ಹೊಟ್ಟೆಯ ರಕ್ತ

"ಅಣ್ಣಾ, ಮತ್ತ ಬಂತು..."

ಬೈಕಿನ ಹಿಂದೆ ಕೂತಿದ್ದ ಉಮಾದೇವಿ ನನ್ನ ಅಂಗಿ ಜಗ್ಗಿದಳು. ಕನ್ನಡಿಯಲ್ಲಿ ನೋಡಿದೆ. ಬಿಳಿ ಬೊಲೆರೋ.

ಧಡ್!

ಹಿಂದಿನ ಚಕ್ರಕ್ಕೇ ಗುದ್ದಿತು. ಬೈಕ್ ಓಲಾಡಿತು, ಬೀಳಲಿಲ್ಲ. ಮಲ್ಲಟದ ಹತ್ತಿರ ರಸ್ತೆ ಬಿಟ್ಟು ಗದ್ದೆಯ ಬದುವಿಗೆ ಇಳಿಸಿದೆ. ಬೊಲೆರೋ ಬೆನ್ನಟ್ಟಿ ಬಂದು ಕೆಸರಿನಲ್ಲಿ ಹೂತು ನಿಂತಿತು.

ಗದ್ದೆಪ್ಪ ಕಿಟಕಿಯಿಂದ ಕೂಗಿದ. "ಲೇ ಸೈಫ್ಯಾ, ಆ ಹೆಣ್ಮಗಳನ್ನ ಇಳಿಸಿ ಹೋಗು. ಇಲ್ಲಾಂದ್ರ ರಾಯಚೂರಾಗ ನಿನ್ನ ಆಫೀಸ್ ಇರಂಗಿಲ್ಲ."

ನನ್ನ ಆಫೀಸು ಅಂದರೆ ಬಸ್ ಸ್ಟ್ಯಾಂಡ್ ಹಿಂದಿನ ಒಂದು ರೂಮು, ಎರಡು ಕುರ್ಚಿ. ಪತ್ತೆ ಕೆಲಸ ನನ್ನದು. ಹೋದರೆ ಏನು ಹೋದೀತು, ನೀನೇ ಹೇಳು. ಬದುವಿನ ಮೇಲೇ ಬೈಕ್ ಓಡಿಸಿದೆ.

ಟೈಮ್ ಹನ್ನೊಂದೂವರೆ. ಹನ್ನೆರಡಕ್ಕೆ ಮಾನ್ವಿಯ ನರ್ಸಿಂಗ್ ಹೋಮಿನಲ್ಲಿ ಉಮಾದೇವಿಯ ಅಕ್ಕ ಆದೆಮ್ಮನಿಗೆ ಎರಡನೇ ಇಂಜೆಕ್ಷನ್. ಅದು ಮೈಗೆ ಹೋದರೆ ಆಕೆ ಉಳಿಯುವುದಿಲ್ಲ. ನನ್ನ ಫೋನನ್ನು ಗದ್ದೆಪ್ಪ ದೇವದುರ್ಗದಲ್ಲೇ ಕಾಲುವೆಗೆ ಎಸೆದಿದ್ದ. ಡಾಕ್ಟರ್ ನಂಬರೂ ಅದರ ಜೊತೆಗೇ ಮುಳುಗಿತು.

ಅದು ಹೊಸ ಔಷಧಿಯ ಟ್ರಯಲ್. ನಮ್ಮ ಮೈಯಲ್ಲಿ ಮೈಕ್ರೋ ಆರ್‌ಎನ್‌ಎ ಅನ್ನುವ ಸಣ್ಣ ಚೂರುಗಳಿವೆಯಂತೆ. ಯಾವ ಜೀನ್ ಎಷ್ಟು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ನೋಡಿಕೊಳ್ಳುವ ದಫೇದಾರರು. ಅದರಲ್ಲಿ ಒಂದು ಜಾತಿ ಹೆಚ್ಚಾದರೆ ಹೃದಯದ ಮಾಂಸ ಬಿಗಿದು ಗಟ್ಟಿಯಾಗುತ್ತ ಬಂದು ಕೊನೆಗೆ ಸೋಲುತ್ತದೆ. ಈ ಔಷಧಿ ಅದನ್ನು ಅಡಗಿಸುತ್ತದೆ. ಆದರೆ ಅದು ಮೊದಲೇ ಕಡಿಮೆ ಇದ್ದವರಿಗೆ ಕೊಟ್ಟರೆ... ಹೃದಯವೇ ನಿಲ್ಲುತ್ತದೆ. ಅದಕ್ಕೇ ಮೊದಲು ರಕ್ತ ಪರೀಕ್ಷೆ.

ಊರೂರು ತಿರುಗಿ ಪೇಷಂಟ್ ಕರೆತರುವ ಏಜೆಂಟ್ ಗದ್ದೆಪ್ಪ. ತಲೆಗಿಷ್ಟು ಅಂತ ಕಮಿಷನ್.

ಮೊದಲ ಡೋಸಿಗೇ ಆದೆಮ್ಮ ಹಾಸಿಗೆ ಹಿಡಿದಳು. "ಡಾಕ್ಟರ್ ಮುಂದ ಸುಸ್ತು ಅನಬ್ಯಾಡ, ಹೆಸರು ತೆಗೀತಾರ, ರೊಕ್ಕ ಹೋಗ್ತದ" ಎಂದು ಗದ್ದೆಪ್ಪ ಬಾಯಿ ಮುಚ್ಚಿಸಿದ. ಆಕೆಯ ಗಂಡ ವೆಂಕಣ್ಣ ನನ್ನ ಹತ್ತಿರ ಬಂದ. ನಾನು ಕೆದಕುತ್ತ ದೇವದುರ್ಗಕ್ಕೆ ಹೋದೆ. ಅಲ್ಲಿ ಉಮಾದೇವಿ ಮುಚ್ಚುಮರೆ ಇಲ್ಲದೆ ಹೇಳಿಬಿಟ್ಟಳು.

"ಅಕ್ಕಗ ಸೂಜಿ ಅಂದ್ರ ಅಂಜಿಕಿ. ಮೈಯಾಗ ರಕ್ತನೂ ಇಲ್ಲ. ಅದಕ್ಕ ನಾನೇ ಕೈ ಚಾಚಿದೆ. ಒಂದೇ ಹೊಟ್ಟ್ಯಾಗ ಹುಟ್ಟೀವಿ, ರಕ್ತ ಒಂದೇ ಅಲ್ಲೇನಣ್ಣಾ?"

"ಗದ್ದೆಪ್ಪ ನೋಡಿದ್ನಾ?"

"ಬಾಜೂಕೇ ನಿಂತಿದ್ದ. ಬಾಟ್ಲಿ ಮ್ಯಾಲ ಅಕ್ಕನ ಹೆಸರು ಬರದ."

ನನಗೆ ಮೈಯೆಲ್ಲ ಉರಿಯಿತು. ಈಕೆಯದು ಪ್ರೀತಿ, ಅವನದು ಹಲ್ಕಟ್ಟತನ.

ಮಾನ್ವಿ. ಹನ್ನೆರಡಕ್ಕೆ ಎರಡು ನಿಮಿಷ. ಬಾಗಿಲಲ್ಲಿ ಗದ್ದೆಪ್ಪನ ಆಳು ನನ್ನ ಎದೆಗೆ ಕೈ ಇಟ್ಟು ತಡೆದ. ಆ ಕೈಯನ್ನೇ ತಿರುಚಿ ಅವನನ್ನು ಕೆಡವಿ ಒಳನುಗ್ಗಿದೆ.

ಟ್ರಯಲ್ ನಡೆಸುವ ಡಾಕ್ಟರ್ ಹುಮೇರಾ ಸಿರಿಂಜ್ ಎತ್ತಿದ್ದರು. ಆದೆಮ್ಮ ಕಣ್ಣು ಮುಚ್ಚಿ ಮಲಗಿದ್ದಳು.

"ನಿಲ್ಲಿಸ್ರಿ! ನೀವು ಟೆಸ್ಟ್ ಮಾಡಿದ್ದು ಆಕಿ ರಕ್ತ ಅಲ್ಲ."

"ಮತ್ತ ಯಾರದು?"

"ನಂದ್ರೀ," ಎಂದಳು ಉಮಾದೇವಿ.

ಡಾಕ್ಟರ್ ಸಿರಿಂಜನ್ನು ಟ್ರೇಗೆ ಹಾಕಿದರು.

ಆದೆಮ್ಮನ ಎದೆಗೆ ವೈರ್ ಹಚ್ಚಿ ನೋಡಿದರು. ಉಳಿದುಕೊಳ್ಳುತ್ತಾಳೆ ಅಂದರು. ತಂಗಿ ಅಕ್ಕನನ್ನು ತಬ್ಬಿಕೊಂಡು ಅತ್ತಳು, ನಕ್ಕಳು.

ಡಾಕ್ಟರ್ ಮಾತ್ರ ಹಳೆಯ ರಿಪೋರ್ಟ್ ಹಿಡಿದು ನಿಂತಿದ್ದರು. ನನ್ನನ್ನು ವರಾಂಡಕ್ಕೆ ಕರೆದರು.

"ಈ ರಕ್ತದಾಗ ಆ ಆರ್‌ಎನ್‌ಎ ಇಷ್ಟು ಹೆಚ್ಚಿಗಿ ಅದ... ತಂಗಿ ಹೃದಯ ಆಗಲೇ ಗಟ್ಟಿ ಆಗಾಕತ್ತಿರಬಹುದು."

"ಔಷಧಿ ನಿಮ್ಮ ಕೈಯಾಗೇ ಅದಲ್ರೀ?"

"ರಕ್ತ ಅದಲಿಬದಲಿ ಆಗೇದ ಅಂದ್ರ ಟ್ರಯಲ್ ಇವತ್ತೇ ಬಂದ್. ಒಂದು ಹನಿನೂ ನಾ ಕೊಡಂಗಿಲ್ಲ. ಮತ್ತ ಯಾವಾಗ ಶುರು ಆಗ್ತದೋ ಗೊತ್ತಿಲ್ಲ. ಮೊದಲು ಆಕೀನ್ನ ಪರೀಕ್ಷೆ ಮಾಡಬೇಕು. ಆಕಿಗೆ ನೀವೇ ಹೇಳ್ರಿ."

ಅಷ್ಟರಲ್ಲಿ ಉಮಾದೇವಿ ಹೊರಗೆ ಬಂದಳು. ಮುಖದ ತುಂಬ ನಗು.

"ಅಣ್ಣಾ, ನಿನ್ನಿಂದ ಅಕ್ಕ ಉಳದ್ಳು. ನಿನಗ ಏನು ಕೊಡ್ಲಿ?"

"ಇನ್ನೊಂದ್ಸಲ ರಕ್ತ ಕೊಡವ್ವಾ," ಎಂದೆ. "ಈ ಸಲ ನಿನ್ನ ಹೆಸರಿಲೆ."