ಕರೆಂಟ್ ಹೋದಾಗ

ಗರ್ರ್ ಎನ್ನುತ್ತಿದ್ದ ಚೈನ್ ಗರಗಸ ಒಮ್ಮೆಲೇ ಗಪ್ಪಾಯಿತು.

“ಹೋತು ನೋಡು ಕರೆಂಟು,” ಎಂದು ಮಾಲಾಳ ಅಪ್ಪ ಕರಬಸಪ್ಪ ಅದನ್ನು ಹಿತ್ತಲಿನ ಕಲ್ಲಿನ ಮೇಲಿಟ್ಟ. ಅರ್ಧ ಕೊಯ್ದ ಜಾಲಿ ಕೊರಡು ಅಲ್ಲೇ ಬಿದ್ದಿತ್ತು.

ಹತ್ತಿಮತ್ತೂರಿನಲ್ಲಿ ಕರೆಂಟ್ ಹೇಳಿ ಹೋಗುವುದಿಲ್ಲ, ಕೇಳಿ ಬರುವುದಿಲ್ಲ. ಅಪ್ಪನೂ ಸುಮ್ಮನೆ ಕೂರುವ ಆಸಾಮಿಯಲ್ಲ. ಚೈನಿನ ಸಂದಿಯಲ್ಲಿ ತುಂಬಿದ್ದ ಕಟ್ಟಿಗೆ ಹೊಟ್ಟನ್ನು ಬೆರಳಿನಿಂದ ಕೆರೆಯತೊಡಗಿದ.

ಆ ಗರಗಸದ ಸ್ವಿಚ್ಚನ್ನು ಒತ್ತಿ ಹಿಡಿದೇ ಇರಬೇಕು, ಬಿಟ್ಟರೆ ನಿಲ್ಲುತ್ತದೆ. ಕೈ ನೋಯುತ್ತದೆಂದು ಅಪ್ಪ ಸೈಕಲ್ ಟ್ಯೂಬಿನ ಪಟ್ಟಿಯಿಂದ ಸ್ವಿಚ್ಚನ್ನು ಬಿಗಿದುಬಿಟ್ಟಿದ್ದ. ತನ್ನ ಈ ಐಡಿಯಾವನ್ನು ಓಣಿಗೆಲ್ಲ ತೋರಿಸಿಯೂ ಬಂದಿದ್ದ.

ಮಾಲಾಗೆ ಗೊಂದಲವಾಯಿತು. ಹೊಲದ ಪಂಪ್‌ಸೆಟ್ಟಿಗೆ ಆಟೋ ಸ್ಟಾರ್ಟರ್ ಇದೆ. ಕರೆಂಟ್ ಬಂದ ಕೂಡಲೇ ತಾನೇ ಶುರುವಾಗುತ್ತದೆ. ಅದರ ಹತ್ತಿರ ಸುಳಿದರೂ ಇದೇ ಅಪ್ಪ ಬೈಯುತ್ತಾನೆ.

“ಅಪ್ಪಾ, ಇದೂ ಪಂಪ್‌ಸೆಟ್ ಹಂಗ ತಾನ ಶುರು ಆಗಂಗಿಲ್ಲೇನು?”

“ಅದ ಬ್ಯಾರೆ, ಇದ ಬ್ಯಾರೆ. ನೀ ಮಷಿನ್ ಮುಟ್ಟಬ್ಯಾಡ, ದೂರ ಸರಿ.”

ಹೇಗೆ ಬೇರೆ? ಮತ್ತೆ ಕೇಳಿದರೆ ಬೈಗುಳ ಗ್ಯಾರಂಟಿ. ಮಷಿನ್ ಮುಟ್ಟಬೇಡ ಎಂದಿದ್ದಾನೆ ಸರಿ, ಅದರ ವೈರಿನ ತುದಿಯ ಪಿನ್ನೂ ಮಷಿನ್ನೇ ಏನು? ಎಷ್ಟು ಯೋಚಿಸಿದರೂ ಅವಳಿಗೆ ತಿಳಿಯಲಿಲ್ಲ. ಕೊನೆಗೆ ಪಡಸಾಲೆಗೆ ಹೋಗಿ, ಬೋರ್ಡಿನ ಬಟನ್ ಆಫ್ ಮಾಡಿ, ಪಿನ್ ಕಿತ್ತಳು.

ಸ್ವಲ್ಪ ಹೊತ್ತಿಗೆ ಪಡಸಾಲೆಯ ಫ್ಯಾನ್ ತಿರುಗಿತು. ಹಿತ್ತಲಿನ ಬಲ್ಬ್ ಹತ್ತಿತು.

“ಕರೆಂಟ್ ಬಂತಲ್ಲ, ಇದ್ಯಾಕ ಚಾಲೂ ಆಗವಲ್ದು?” ಅಪ್ಪನ ದನಿ ಏರಿತು. “ಮೊನ್ನೆ ತಂದದ್ದು, ಕೆಟ್ಟ ಹೋತೇನು?”

ತಾನೇ ಕೆಡಿಸಿಬಿಟ್ಟೆನೇನೋ ಎಂದು ಮಾಲಾಗೆ ಅಳು ಬಂತು. ಪಿನ್ ಹಿಡಿದುಕೊಂಡೇ ಹಿತ್ತಲ ಬಾಗಿಲಿಗೆ ಬಂದಳು.

“ನಾನ ಕಿತ್ತೇನಿ ಅಪ್ಪಾ. ಮಷಿನ್ ಮುಟ್ಟಿಲ್ಲ.”

“ಯಾವಾಗ?”

“ನೀ ಹೊಟ್ಟು ತೆಗಿಯಾಕತ್ತಿದ್ದಿಯಲ್ಲ, ಆವಾಗ. ಕರೆಂಟ್ ಬರೂಕಿಂತ ಮೊದ್ಲ.”

ಬೈಯಲು ಬಾಯಿ ತೆರೆದಿದ್ದ ಅಪ್ಪ ಹಾಗೇ ಕೂತ. ಅವನ ಎರಡು ಬೆರಳು ಇನ್ನೂ ಚೈನಿನ ಸಂದಿಯಲ್ಲೇ ಇದ್ದವು.

ಮೆಲ್ಲಗೆ ಬೆರಳು ಹೊರಗೆಳೆದುಕೊಂಡ. ಟ್ಯೂಬಿನ ಪಟ್ಟಿ ಬಿಚ್ಚಿ ದೂರ ಎಸೆದ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಮಾಲಾಗೆ.

“ಒಂಚೂರು ನೀರ ಕೊಡವ್ವಾ.”

ಅವಳು ತಂಬಿಗೆ ತಂದುಕೊಟ್ಟಳು. ಅಪ್ಪ ಬಾಯಿಗೆತ್ತುವಷ್ಟರಲ್ಲಿ ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು. ಅಪ್ಪನಿಗೂ ಹೆದರಿಕೆಯಾಗುತ್ತದೆ ಎಂದು ಮಾಲಾಗೆ ಈವರೆಗೆ ಗೊತ್ತಿರಲಿಲ್ಲ.

ಅವಳು ಪಕ್ಕದಲ್ಲಿ ಕೂತು, ಅವನು ಕುಡಿದು ಮುಗಿಸುವವರೆಗೂ ತಂಬಿಗೆಗೆ ತನ್ನ ಕೈಯನ್ನೂ ಆನಿಸಿ ಹಿಡಿದಳು.